ದಾರಿ ಕಟ್ಟಬೇಡಿ, ದಾರಿ ಬಿಡಿ

ಹೊಳೆದಂಡೆಗೆ ಒಂದು ಕಾಲುದಾರಿ ಬೇಕು ಎಂದು ಬಾಯಿಬಿಟ್ಟರೆ ಸಾಕು, ನಮ್ಮಲ್ಲಿ ಮೊದಲು ಬರುವುದು ಅಂದಾಜುಪಟ್ಟಿ. ಅದರ ಹಿಂದೆ ಟೆಂಡರ್, ಅದರ ಹಿಂದೆ ಜೆಸಿಬಿ, ಕೊನೆಗೆ ಎರಡು ಮಳೆಗಾಲಕ್ಕೆ ಎದ್ದುಬರುವ ಬಣ್ಣದ ಟೈಲ್ಸ್. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಹುಲಿಗಿಯಿಂದ ಆನೆಗೊಂದಿಯವರೆಗೆ ತುಂಗಭದ್ರೆಯ ಎಡದಂಡೆ ಹಿಡಿದು ನಡೆದುಹೋಗಲು ಒಂದು ದಾರಿ ಇರಬೇಕು ಎಂದು ನಾನು ಕೇಳುತ್ತಿದ್ದೇನೆ. ಕಟ್ಟಿಕೊಡಿ ಎಂದು ಕೇಳುತ್ತಿಲ್ಲ. ಅದು ಇದೆ. ತುಂಡು ತುಂಡಾಗಿ ಇದೆ, ಅಷ್ಟೇ.

ನನಗೆ ಇದು ಗೊತ್ತಿರುವುದು ಕಾಲುವೆ ಕೆಲಸದಿಂದ. ಗೇಜ್ ರೀಡರ್ ಆಗಿ ನೌಕರಿ ಮುಗಿಸಿದವನು ನಾನು. ಬೆಳಿಗ್ಗೆ ಅಳತೆಪಟ್ಟಿಯಲ್ಲಿ ನೀರಿನ ಮಟ್ಟ ನೋಡಬೇಕು, ಪುಸ್ತಕದಲ್ಲಿ ಬರೆಯಬೇಕು, ಒಡ್ಡಿನ ಮೇಲೆ ಮುಂದಿನ ತೂಬಿಗೆ ನಡೆಯಬೇಕು. ನೌಕರಿ ಅಂದರೆ ನಡಿಗೆಯೇ. ನಮಗಿಂತ ಹಿಂದೆ ಇದೇ ಒಡ್ಡುಗಳ ಮೇಲೆ ಕಾಲುವೆ ಕಾಯುವ ಸೌಡಿಗಳು ಹೆಗಲಿಗೆ ಸಲಿಕೆ ಹಾಕಿಕೊಂಡು ತಲೆಮಾರುಗಟ್ಟಲೆ ಓಡಾಡಿದ್ದಾರೆ. ಹುಲಿಗಿ ಕಾಲುವೆ, ಶಿವಪುರ ಕಾಲುವೆ, ಆನೆಗೊಂದಿ ಕಾಲುವೆ, ಅದರಾಚೆ ಗಂಗಾವತಿಯ ಎರಡು ಕಾಲುವೆಗಳು ಎಲ್ಲವೂ ವಿಜಯನಗರದ ಕಾಲದವು. 1953ರಲ್ಲಿ ತುಂಗಭದ್ರಾ ಡ್ಯಾಮಿನಲ್ಲಿ ನೀರು ನಿಂತು, ಎಡದಂಡೆಯ ದೊಡ್ಡ ಕಾಲುವೆ ಸಿಂಧನೂರು, ಮಾನ್ವಿ ಕಡೆ ಹೊರಡುವುದಕ್ಕೆ ಶತಮಾನಗಳ ಮೊದಲೇ ಇವು ಗದ್ದೆಗೆ ನೀರುಣಿಸುತ್ತಿದ್ದವು. ಕಾಲುವೆ ಇದ್ದಲ್ಲಿ ಅದನ್ನು ಕಾಯುವವನ ಕಾಲುಹಾದಿ ಇರಲೇಬೇಕು. ಸೋರುವ ಒಡ್ಡನ್ನು ಬೈಕಿನ ಮೇಲೆ ಕೂತು ಹುಡುಕಲು ಆಗುವುದಿಲ್ಲ.

ಇಂಥ ನೌಕರಿಯ ದಾರಿಗಳಿಗೇ ಮೆಡಿಟರೇನಿಯನ್ ಸಮುದ್ರದ ಕಡೆ ಈಗ ದೊಡ್ಡ ಹೆಸರು. ಫ್ರಾನ್ಸಿನ ಕೋರ್ಸಿಕಾ ದ್ವೀಪದ ಉತ್ತರ ತುದಿಯಲ್ಲಿ ಬಂಡೆ, ಪೊದೆ, ಹಳೆಯ ಕಾವಲು ಗೋಪುರಗಳ ನಡುವೆ ಸಮುದ್ರದ ಅಂಚಿಗೇ ಹೋಗುವ ಒಂದು ಹಾದಿಯನ್ನು ಇಂದಿಗೂ ಸುಂಕದವರ ದಾರಿ ಎಂದೇ ಕರೆಯುತ್ತಾರೆ. ಕಳ್ಳಸಾಗಣೆ ಹಿಡಿಯಲು ಸುಂಕದ ಸಿಪಾಯಿಗಳು ಗಸ್ತು ತಿರುಗುತ್ತಿದ್ದ ಹಾದಿ ಅದು. ಸಿಪಾಯಿಗಳು ಹೋದರು, ನಡೆಯುವ ಜನ ಬಂದರು. ಫ್ರಾನ್ಸ್ ಸರ್ಕಾರ 1976ರ ಡಿಸೆಂಬರ್ 31ರಂದು ಒಂದು ಕಾನೂನು ತಂದಿತು. ಸಮುದ್ರದಂಡೆಯ ಖಾಸಗಿ ಜಮೀನಿನಲ್ಲೂ 3 ಮೀಟರ್ ಅಗಲದ ಪಟ್ಟಿ ನಡೆಯುವವರಿಗೆ ತೆರೆದಿರಬೇಕು. ಜಮೀನು ಮಾಲೀಕನದೇ, ದಾಟುವವರನ್ನು ತಡೆಯುವ ಹಕ್ಕು ಮಾತ್ರ ಅವನಿಗಿಲ್ಲ. ಟರ್ಕಿಯಲ್ಲಿ ಇನ್ನೂ ಅಗ್ಗದ ಕೆಲಸ ನಡೆಯಿತು. ಕೇಟ್ ಕ್ಲೋ ಎಂಬ ಬ್ರಿಟಿಷ್ ಮಹಿಳೆ ಮೇಕೆ ಹಾದಿ, ಹೇಸರಗತ್ತೆಗಳ ದಾರಿ, ರೋಮನ್ನರ ಹಳೇ ರಸ್ತೆಯ ತುಂಡುಗಳನ್ನು ಜೋಡಿಸಿದರು. ಬಂಡೆಗಳ ಮೇಲೆ ಕೆಂಪು-ಬಿಳಿ ಬಣ್ಣದ ಗೆರೆ ಎಳೆಸಿದರು. 1999ರಲ್ಲಿ ಲಿಸಿಯನ್ ವೇ ಎಂಬ ಹೆಸರಿನಲ್ಲಿ 500 ಕಿ.ಮೀ.ಗೂ ಉದ್ದದ ಸಮುದ್ರದಂಡೆ ದಾರಿ ತಯಾರಾಯಿತು. ಮುಖ್ಯ ಖರ್ಚು ಬಣ್ಣದ್ದು, ಕಾಲಿನದು.

ಆ ಸಮುದ್ರವನ್ನು ನಾನು ನೋಡಿಲ್ಲ. ನೋಡಿದ್ದು ಗೋಕರ್ಣದ್ದು. ಕುಡ್ಲೆ ತೀರದಿಂದ ಗುಡ್ಡ ಹತ್ತಿ ಓಂ ತೀರಕ್ಕೆ ಇಳಿದು, ಅಲ್ಲಿಂದ ಹಾಫ್ ಮೂನ್, ಪ್ಯಾರಡೈಸ್ ಎಂದು ಕೆಂಪು ಮುರಕಲ್ಲಿನ ಮೇಲೆ ಹೋಗುವ ಹಾದಿ. ಎಡವಿದರೆ ಸೀದಾ ಅರಬ್ಬಿ ಸಮುದ್ರ. ಚೆಂದವಿತ್ತು, ಇಲ್ಲವೆನ್ನಲಾರೆ. ಆದರೆ ಬಂಡೆಯ ವಿಷಯಕ್ಕೆ ಬಂದರೆ ನಮ್ಮ ದಂಡೆಯೇ ಒಂದು ಕೈ ಮೇಲು. ಊರಭಿಮಾನ ಅಂದುಕೊಳ್ಳಿ, ಅಡ್ಡಿಯಿಲ್ಲ.

ಡ್ಯಾಮಿನ ಕೆಳಗೆ ಹೊಳೆ ಬಂಡೆಗಳ ನಡುವೆ ಸೀಳಿಕೊಂಡು ಹೋಗುತ್ತದೆ. 250 ಕೋಟಿ ವರ್ಷದಷ್ಟು ಹಳೆಯ ಗ್ರಾನೈಟ್ ಇದು. ರಾಮನಗರದ ಬೆಟ್ಟಗಳ ಕಡೆಯಿಂದ ಇಲ್ಲಿಯವರೆಗೆ ಒಂದೇ ಪಟ್ಟಿ. ಶಿವಪುರದ ಕಡೆ ಹಳೇ ಒಡ್ಡಿನ ಮೇಲೆ ನಿಂತರೆ ಒಂದು ಪಕ್ಕ ಬಾಳೆತೋಟ, ಇನ್ನೊಂದು ಪಕ್ಕ ಗುಂಡುಗಲ್ಲುಗಳ ರಾಶಿ. ಒಡ್ಡಿಗೆ ಕೊಟ್ಟ ಕಲ್ಲುಗಳಿಗೆ ಗಾರೆ ಇಲ್ಲ. ದೊಡ್ಡ ಕಲ್ಲಿನ ಸಂದಿಗೆ ಚಕ್ಕೆ ಬಡಿದು ಕೂರಿಸಿದ್ದಾರೆ, ಬೆರಳು ತೂರಿಸಲು ನೋಡಿದರೆ ಉಗುರು ಮಾತ್ರ ಹೋಗುತ್ತದೆ. ಕೆಳಗೆ ನೀರಂಚಿನ ಚಪ್ಪಟೆ ಬಂಡೆಗಳ ಮೇಲೆ ಒಣಗಿದ ಹಿಕ್ಕೆ ಕಂಡರೆ ಕಡ್ಡಿಯಿಂದ ಕೆದಕಿ ನೋಡಿ. ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರು, ಮೂಗಿಗೆ ಹಳಸಿದ ಮೀನಿನ ವಾಸನೆ. ಅದು ನೀರುನಾಯಿಯದು. ಡ್ಯಾಮಿನ ಕೆಳಗಿನಿಂದ ಕಂಪ್ಲಿ ಸೇತುವೆಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಊರಿನ ಹುಡುಗರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ ಕೇಳಿ ನೋಡಿ.

ನಡೆಯುವವರು ಎಲ್ಲಿದ್ದಾರೆ ಎಂದು ಕೇಳುವವರಿಗೆ ಹುಣ್ಣಿಮೆಯ ಹಿಂದಿನ ರಾತ್ರಿ ಹಿಟ್ನಾಳದ ಹೆದ್ದಾರಿಯಲ್ಲಿ ಹತ್ತು ನಿಮಿಷ ನಿಲ್ಲಲು ಹೇಳುತ್ತೇನೆ. ಹುಲಿಗಿಯ ದೇವಿ ಹುಲಿಗೆಮ್ಮನಿಗೆ ಹರಕೆ ಹೊತ್ತವರು ಸಾಲುಸಾಲಾಗಿ ಬರುತ್ತಾರೆ. ಬರಿಗಾಲು, ತಲೆಯ ಮೇಲೆ ಗಂಟು, ಕೈಯಲ್ಲಿ ಬೇವಿನ ಸೊಪ್ಪು, ಬಾಯಲ್ಲಿ ಉಧೋ ಉಧೋ. ಪಕ್ಕದಲ್ಲೇ ಗಿಣಿಗೇರಿಯ ಕಬ್ಬಿಣದ ಕಾರ್ಖಾನೆಗಳ ಲಾರಿಗಳು. ಮಗುವಿನ ಕೈ ಹಿಡಿದ ತಾಯಿ ಬಿಳಿ ಗೆರೆಯ ಈಚೆ, ಹದಿನಾರು ಗಾಲಿಯ ಗಾಡಿ ಆಚೆ. ಡಿಸೆಂಬರಿನಲ್ಲಿ ಹನುಮಮಾಲೆ ಹಾಕಿದವರು ಅಂಜನಾದ್ರಿಯ 575 ಮೆಟ್ಟಿಲು ಹತ್ತಲು ಬರುತ್ತಾರೆ. ಅವರದೂ ಡಾಂಬರು ರಸ್ತೆಯೇ. ಟ್ರೆಕ್ಕಿಂಗ್ ಅನ್ನುವುದು ಬೆಂಗಳೂರಿನವರ ಶೋಕಿ ಎಂದು ನಗುವವರು ಇದನ್ನು ಯೋಚಿಸಬೇಕು. ಈ ಕೊಪ್ಪಳ ಜಿಲ್ಲೆಯಲ್ಲಿ ಅತಿ ಹೆಚ್ಚು ನಡೆಯುವವರು ಹರಕೆಯವರು, ಮತ್ತು ಅವರಿಗೆ ದಾರಿಯೇ ಇಲ್ಲ.

ತಕರಾರುಗಳು ಇವೆ, ಮತ್ತು ಹುಸಿಯಲ್ಲ. ದಂಡೆಯ ರೈತ ಒಡ್ಡಿಗೆ ಅಡ್ಡ ಮುಳ್ಳುತಂತಿ ಬಿಗಿಯುವುದು ಹಟದಿಂದಲ್ಲ. ಬಾಳೆಗೊನೆ ಹೋಗುತ್ತದೆ, ಪಂಪ್‌ಸೆಟ್ಟಿನ ಕೇಬಲ್ ಹೋಗುತ್ತದೆ, ಬದುವಿನಲ್ಲಿ ಬಾಟಲಿ ಒಡೆದು ಎತ್ತಿನ ಕಾಲಿಗೆ ಚುಚ್ಚುತ್ತದೆ. ಇಟಲಿಯ ಚಿಂಕ್ವೆ ತೆರ್ರೆಯ ಕಥೆಯನ್ನು ಇಲ್ಲಿ ಹೇಳಬೇಕು. ಸಮುದ್ರದ ಮೇಲಿನ ಕಡಿದಾದ ಗುಡ್ಡಕ್ಕೆ ಗಾರೆಯಿಲ್ಲದ ಕಲ್ಲಿನ ತಡೆಗೋಡೆ ಕಟ್ಟಿ ದ್ರಾಕ್ಷಿ ಬೆಳೆದ ಐದು ಹಳ್ಳಿಗಳು ಅವು. 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು, ಪ್ರವಾಸಿಗರು ಮುತ್ತಿದರು. ಆದರೆ ಬೇಸಾಯ ಬಿಟ್ಟ ಕಡೆ ಗೋಡೆ ಕುಸಿದವು, ಗೋಡೆ ಕುಸಿದಲ್ಲಿ ಗುಡ್ಡ ಜಾರತೊಡಗಿತು. ಅಲ್ಲಿನ ಅತಿ ಹೆಸರುವಾಸಿ ಹಾದಿ ಸುಮಾರು ಒಂದು ಕಿಲೋಮೀಟರ್ ಉದ್ದದ್ದು. 2012ರಲ್ಲಿ ಕಲ್ಲು ಉರುಳಿ ನಾಲ್ವರಿಗೆ ಗಾಯವಾದ ಮೇಲೆ ಮುಚ್ಚಿದ್ದು, ತೆರೆದದ್ದು 2024ರಲ್ಲಿ. ಹಾದಿಯನ್ನು ಹಿಡಿದು ನಿಲ್ಲಿಸುವುದು ಬೇಸಾಯಗಾರ. ನಮ್ಮಲ್ಲೂ ಗದ್ದೆಗೆ ನೀರು ಬೇಕು ಎನ್ನುವವನು ಇರುವತನಕ ಒಡ್ಡು ಇರುತ್ತದೆ. ಆದ್ದರಿಂದ ದಾರಿಯ ಲಾಭ ಮೊದಲು ಅವನ ಮನೆಬಾಗಿಲಿಗೆ ಬರಬೇಕು. ಮಜ್ಜಿಗೆ, ಮಿರ್ಚಿ-ಮಂಡಕ್ಕಿ, ರಾತ್ರಿ ತಂಗಲು ಒಂದು ಪಡಸಾಲೆ.

ವಿರೂಪಾಪುರ ಗಡ್ಡೆಯಲ್ಲಿ ಆದದ್ದು ಇದಕ್ಕೆ ಉಲ್ಟಾ. ಎಲ್ಲ ಪ್ರವಾಸವೂ ಒಂದೇ ನಡುಗಡ್ಡೆಯಲ್ಲಿ ಗುಡ್ಡೆಬಿದ್ದಿತ್ತು. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚಿನಲ್ಲಿ ಅಲ್ಲಿನ ರೆಸಾರ್ಟುಗಳು ನೆಲಸಮವಾದವು. ವ್ಯಾಪಾರ ಸಣಾಪುರ, ಹನುಮನಹಳ್ಳಿಗೆ ಸರಿಯಿತು. ಕಾರಿನಲ್ಲಿ ಬಂದವನು ಒಂದು ಕಡೆ ಇಳಿದು ಒಂದೇ ಗಲ್ಲಾಕ್ಕೆ ದುಡ್ಡು ಹಾಕುತ್ತಾನೆ. ನಡೆಯುವವನಿಗೆ ಪ್ರತಿ ಊರಲ್ಲೂ ಬಾಯಾರುತ್ತದೆ.

ಭಯದ ಮಾತು. 2025ರ ಫೆಬ್ರುವರಿಯಲ್ಲಿ ಹೈದರಾಬಾದಿನ ಯುವ ವೈದ್ಯೆಯೊಬ್ಬರು ಸಣಾಪುರದ ಬಳಿ ಬಂಡೆಯಿಂದ ಹೊಳೆಗೆ ಹಾರಿ ಕೊಚ್ಚಿಹೋದರು. ಮರು ತಿಂಗಳು ಅದೇ ಸಣಾಪುರದ ಕಾಲುವೆ ದಂಡೆಯಲ್ಲಿ ರಾತ್ರಿ ಕೂತಿದ್ದ ಪ್ರವಾಸಿಗರ ಮೇಲೆ ದಾಳಿ, ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ, ಕಾಲುವೆಗೆ ಬಿದ್ದ ಒಬ್ಬನ ಸಾವು. ದಂಡೆಗೇ ಬೇಲಿ ಹಾಕಿಬಿಡಿ ಎಂದು ಆಗ ಹಲವರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಸೌಡಿ ಓಡಾಡುತ್ತಿದ್ದಾಗ ಒಡ್ಡು ಯಾರ ಕಣ್ಣಿಗೂ ಬೀಳದ ಜಾಗವಾಗಿರಲಿಲ್ಲ. ಜನ ನಡೆಯುವುದು ನಿಂತ ಮೇಲೆಯೇ ಅದು ಕಿಡಿಗೇಡಿಗಳ ಕೈಗೆ ಹೋದದ್ದು.

ಹಾಗೆಂದು ನಿಯಮ ಬೇಡ ಎನ್ನುತ್ತಿಲ್ಲ. ದಾರಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ. ನೀರುನಾಯಿ ಮರಿ ಹಾಕುವ ಬಂಡೆಸಂದಿಗಳ ಹತ್ತಿರ ಹಾದಿ ನೀರಂಚು ಬಿಟ್ಟು ಕಾಲುವೆ ಒಡ್ಡಿಗೆ ಏರಬೇಕು. ಹುಣ್ಣಿಮೆಯ ರಾತ್ರಿ ಹರಕೆಯವರಿಗೆ ವಿನಾಯಿತಿ ಕೊಡಿ, ಅದೂ ಒಡ್ಡಿನ ಮೇಲೆ ಮಾತ್ರ. ಬಂಡೆ ದಾರಿ ಕತ್ತಲಿಗಲ್ಲ. ಡ್ಯಾಮಿನಿಂದ ನೀರು ಬಿಡುವ ದಿನ ದಾರಿ ಪೂರ್ತಿ ಬಂದ್. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ಯಾರಿಗೂ ಮರೆತಿಲ್ಲ. ಮೆಡಿಟರೇನಿಯನ್ನಿನಲ್ಲಿ ಭರತ-ಇಳಿತ ಗೇಣು ಲೆಕ್ಕದ್ದು. ನಮ್ಮ ಹೊಳೆ ಗೇಟು ಎತ್ತಿದರೆ ಕೆಲವೇ ಗಂಟೆಯಲ್ಲಿ ಆಳೆತ್ತರ ಏರುತ್ತದೆ. ಚಿಂಕ್ವೆ ತೆರ್ರೆಯಲ್ಲಿ ಮಳೆಯ ಮುನ್ನೆಚ್ಚರಿಕೆ ಬಂದ ಕೂಡಲೇ ಹಾದಿ ಮುಚ್ಚುತ್ತಾರೆ. ನಮ್ಮಲ್ಲಿ ನದಿಪಾತ್ರದ ಊರುಗಳಿಗೆ ಡಂಗುರ ಹೇಗೂ ಹೋಗುತ್ತದೆ. ದಾರಿಯ ಎರಡೂ ತುದಿಗೆ ಒಂದೊಂದು ಸರಪಳಿ ಬಿಗಿದರಾಯಿತು.

ಇನ್ನು ಅಧಿಕಾರಿಗಳಿಗೆ. ಹಳ್ಳಿಯ ನಕಾಶೆ ತೆಗೆಯಿರಿ. ಅದರಲ್ಲಿ ಚುಕ್ಕಿಗೆರೆಯ ಕಾಲುದಾರಿ, ಜೋಡಿಗೆರೆಯ ಬಂಡಿದಾರಿ ಎರಡೂ ಇವೆ. ನಕಾಶೆ ಕಂಡ ದಾರಿಯನ್ನು ಯಾರೇ ಮುಚ್ಚಿದರೂ ತೆರವು ಮಾಡಿಸುವುದು ತಹಶೀಲ್ದಾರರ ಕೆಲಸ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಕಾಲುವೆ ಒಡ್ಡು ಸರ್ಕಾರದ್ದು, ಅದಕ್ಕೂ ಯಾವ ರೈತರ ಅಪ್ಪಣೆ ಬೇಡ. ಇವೆರಡೂ ಸಿಗದ ಕಡೆ ಮಾತ್ರ ರೈತರೊಡನೆ ಕೂತು ಮಾತಾಡಬೇಕು, ಮೂರು ಮೀಟರ್ ಅಲ್ಲದಿದ್ದರೆ ಮೂರು ಅಡಿಗಾದರೂ. ಹಂಪಿ ಪ್ರಾಧಿಕಾರ, ಅರಣ್ಯದವರು, ನೀರಾವರಿಯವರು ಮೂವರೂ ಸಹಿ ಹಾಕಬೇಕಾದೀತು. ಕಷ್ಟವಿರುವುದು ಅಲ್ಲೇ, ಬಂಡೆಯಲ್ಲಲ್ಲ. ಮೊದಲಿಗೆ ಹುಲಿಗಿ–ಶಿವಪುರದ ತುಂಡು ಸಾಕು. ತಂತಿ ಇರುವ ಕಡೆ ಬೇಲಿ ಕಿತ್ತು ಹಾಕಬೇಡಿ, ದನ ನುಗ್ಗದಂತೆ ಮನುಷ್ಯ ಮಾತ್ರ ದಾಟುವ ಸಂದುಗಲ್ಲು ಇಡಿಸಿ. ಬಣ್ಣದ ಗೆರೆ ಎಳೆಯಲು ನಮ್ಮ ನಿವೃತ್ತ ಗ್ಯಾಂಗ್‌ಮನ್‌ಗಳನ್ನು ಕರೆಯಿರಿ, ಯಾವ ತಿರುವಿನಲ್ಲಿ ಕಾಲು ಜಾರುತ್ತದೆ ಎಂದು ಅವರಿಗೆ ಗೊತ್ತು. ಟೈಲ್ಸಿನ ಕಂತ್ರಾಟುದಾರರಿಗೆ ಈ ಸಲ ಬೇರೆ ಕೆಲಸ ಕೊಡಿ.