ಬಾಯಿ ತೆರೆಯಲಾಗದವರಿಗೆ ಹಣ್ಣಿನ ಪಟ್ಟಿ

ಬಾಯಿ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡು, ಕರೆಂಟು ಕೊಡಿಸಿಕೊಂಡು, ಸಾವನ್ನು ಗೆದ್ದು ಕೇರಿಗೆ ವಾಪಸು ಬಂದ ನಮ್ಮ ಜನರ ಕೈಯಲ್ಲಿ ಒಂದು ಚೀಟಿ ಇರುತ್ತದೆ. ದಿನಾ ಹಣ್ಣು ತಿನ್ನಿ, ಮೊಟ್ಟೆ ತಿನ್ನಿ, ಬೆಳಗ್ಗೆ ವಾಕಿಂಗ್ ಮಾಡಿ, ಚಿಂತೆ ಬಿಡಿ. ಅದೂ ಇಂಗ್ಲಿಷಿನಲ್ಲಿ. ಓದಿ ಹೇಳಲು ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ನಾವೇ ಬೇಕು. ಓದಿ ಹೇಳುತ್ತೇವೆ. ಅವರು ನಗುತ್ತಾರೆ. 'ಬಾಯೇ ತಗಿಯಾಕಾಗಾಕಿಲ್ಲ, ಸೇಬು ಎಲ್ಲಿಗಾಕನ ಸಾಮಿ?'

ಚೀಟಿಯಲ್ಲಿ ಬರೆದದ್ದು ಸುಳ್ಳಲ್ಲ. ಸುಳ್ಳಿರುವುದು ಅದರ ಹಿಂದೆ. ರೋಗಿ ಮನಸ್ಸು ಮಾಡಿದರೆ ಸಾಕು, ಒಳ್ಳೆಯ ಅಭ್ಯಾಸ ತಾನಾಗಿ ಬರುತ್ತದಂತೆ. ಬರದಿದ್ದರೆ? 'ಈ ಜನಕ್ಕೆ ಎಷ್ಟು ಹೇಳಿದ್ರೂ ಬುದ್ಧಿ ಬರಲ್ಲ.' ಈ ಮಾತನ್ನು ನಾವು ಬೇರೆ ಬೇರೆ ಕಡೆ, ಬೇರೆ ಬೇರೆ ಕಾರಣಕ್ಕೆ ಕೇಳಿದ್ದೇವೆ. ಹಳೇ ಮಾತು, ಹೊಸ ಬಿಳಿ ಕೋಟು.

ಹೊಗೆಸೊಪ್ಪು ನಮ್ಮ ಬಾಯಿಗೆ ಬಂದದ್ದು ಹೇಗೆ? ಕೂಲಿಯ ಜೊತೆ ಒಡೆಯ ಎಲೆಅಡಿಕೆ, ಹೊಗೆಸೊಪ್ಪು ಕೊಟ್ಟ. ಅದನ್ನು ದವಡೆಗಿಟ್ಟುಕೊಂಡರೆ ಮಧ್ಯಾಹ್ನದ ಹಸಿವು ಸಾಯುತ್ತಿತ್ತು. ಹಸಿವು ಸತ್ತರೆ ಕೆಲಸ ನಿಲ್ಲುತ್ತಿರಲಿಲ್ಲ. ಲಾಭ ಯಾರದ್ದೋ, ಹುಣ್ಣು ಯಾರದ್ದೋ. 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿತು. ಕಂಪನಿಗಳೇನು ಕಣ್ಣೀರು ಹಾಕಲಿಲ್ಲ. ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು. ಅಂಗೈಯಲ್ಲಿ ಬೆರೆಸಿದರೆ ಅದೇ ಗುಟ್ಕಾ! ಹೊಗೆಸೊಪ್ಪು ಬಿಟ್ಟವರೂ 'ಬರೀ ಅಡಿಕೆ ತಾನೇ' ಎನ್ನುತ್ತಾರೆ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಸಾರಿದೆ. ಒಮ್ಮೆ ಗುಣವಾದ ಬಾಯಲ್ಲಿ ಮತ್ತೆ ಗೆಡ್ಡೆ ಏಳಲು ಇಷ್ಟು ಸಾಕು. ಆದರೆ ಈ ಮಾತನ್ನು ಅಡಿಕೆ ಸೀಮೆಯಲ್ಲಿ ಯಾವ ಪಕ್ಷದ ನಾಯಕ ಹೇಳುತ್ತಾನೆ? ಅಡಿಕೆ ಬೆಲೆ ಬಿದ್ದರೆ ವಿಧಾನಸೌಧ ನಡುಗುತ್ತದೆ, ತೋಟದಾಳಿನ ದವಡೆ ಬಿದ್ದರೆ ಒಂದು ಕುರ್ಚಿಯೂ ಅಲುಗುವುದಿಲ್ಲ.

ಅಭ್ಯಾಸ ಹೇಗೆ ಕಟ್ಟುತ್ತಾರೆಂಬುದು ಗೊತ್ತಿಲ್ಲದ ವಿದ್ಯೆಯೇನಲ್ಲ. 2025ರಲ್ಲಿ 'ಚಾಲೆಂಜ್' ಎಂಬ ಅಧ್ಯಯನ ಪ್ರಕಟವಾಯಿತು. ಕೆನಡಾ, ಆಸ್ಟ್ರೇಲಿಯಾ ಮೊದಲಾದ ಕಡೆ ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್, ಕಿಮೋ ಮುಗಿಸಿದ 889 ಜನ. ಅರ್ಧ ಜನಕ್ಕೆ ಆರೋಗ್ಯದ ಪುಸ್ತಕ ಕೊಟ್ಟರು. ಉಳಿದರ್ಧಕ್ಕೆ ಪುಸ್ತಕದ ಜೊತೆ ಒಬ್ಬ ಮನುಷ್ಯನನ್ನು ಕೊಟ್ಟರು. ಆತ ಮೊದಲ ವರ್ಷ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಮೂರು ವರ್ಷ ಅವರ ವ್ಯಾಯಾಮದ ಬೆನ್ನಿಗೆ ನಿಂತ. ಎಂಟು ವರ್ಷದ ಲೆಕ್ಕಕ್ಕೆ ಪುಸ್ತಕದವರಲ್ಲಿ ನೂರಕ್ಕೆ 83 ಜನ ಬದುಕಿದ್ದರು. ಜೊತೆಗಾರ ಸಿಕ್ಕವರಲ್ಲಿ 90. ಕರುಳು ಬೇರೆ, ಬಾಯಿ ಬೇರೆ, ಒಪ್ಪಿದೆವು. ಆದರೆ ಅಲ್ಲಿನ ಓದುಬಲ್ಲವರಿಗೇ ಪುಸ್ತಕ ಸಾಲಲಿಲ್ಲ ಎಂದ ಮೇಲೆ ನಮ್ಮ ಕೇರಿಗೆ ಒಂದು ಚೀಟಿ ಸಾಕೆಂದವರು ಯಾರು?

'ಕೂಲಿಯೋರಿಗೆ ವ್ಯಾಯಾಮ ಯಾಕಪ್ಪ, ದುಡಿಮೆಯೇ ವ್ಯಾಯಾಮ' ಎನ್ನುವ ಉಳ್ಳವರೂ ಇದ್ದಾರೆ. ಬಗ್ಗಿದ ನಡು ಎತ್ತದೆ ನಾಟಿ ಹಾಕುವುದು ಬೇರೆ, ದೇಹದ ಶಕ್ತಿ ನೋಡಿಕೊಂಡು ಅಷ್ಟಷ್ಟೇ ಹೆಚ್ಚಿಸಿ ನಡೆಯುವುದು ಬೇರೆ. ಸುಸ್ತಾದಾಗ ನಿಲ್ಲುವ ಹಕ್ಕು ಗದ್ದೆಯಲ್ಲಿ ನಮಗಿಲ್ಲ.

ಇನ್ನು ಮೊಟ್ಟೆ. ಶಾಲೆಯ ಮಕ್ಕಳ ತಟ್ಟೆಗೆ ಮೊಟ್ಟೆ ಬಂದಾಗ 2021ರಲ್ಲಿ ಕೂಗೆದ್ದ ಮಠಗಳನ್ನು ನೋಡಿದ್ದೇವೆ. ಕ್ಷಯ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಟ್ಟಿತು, 2024ರ ನವೆಂಬರಿನಿಂದ 1000. ಅಷ್ಟು ಸಾಲದು, ಆದರೂ ಊಟವೂ ಔಷಧವೇ ಎಂದು ಒಪ್ಪಿದ ಹಾಗಾಯಿತು. ಕ್ಯಾನ್ಸರ್ ಗೆದ್ದು ಬಂದ ಕೂಲಿಕಾರನಿಗೂ ಅದನ್ನೇ ಕೇಳುತ್ತೇವೆ: ಊಟಕ್ಕೆ ದುಡ್ಡು, ದುಡಿಯಲಾಗದ ತಿಂಗಳುಗಳಿಗೆ ಕೂಲಿ, ಮನೆ ಬಾಗಿಲಿಗೆ ಬರುವ ತರಬೇತಾದ ಜನ. ಇದು ಭಿಕ್ಷೆಯಲ್ಲ.

ಸರ್ಕಾರ ಕಣ್ಣು ಬಿಡುವ ತನಕ ನಾವೇನು ಸುಮ್ಮನೆ ಕೂರುವುದೇ? ಗೆಳೆಯರೇ, ಕರೆಂಟು ಕೊಟ್ಟ ದವಡೆ ಬಿಗಿದುಕೊಳ್ಳುತ್ತದೆ. ದಿನಕ್ಕೆ ಹಲವು ಸಲ ಅದನ್ನು ತೆರೆಸಬೇಕು. ಐಸ್‌ಕ್ಯಾಂಡಿ ಕಡ್ಡಿಯಂಥ ಕಡ್ಡಿಗಳನ್ನು ಒಂದರ ಮೇಲೊಂದು ಹಲ್ಲಿನ ನಡುವೆ ಇಟ್ಟು, ವಾರ ವಾರ ಒಂದೊಂದಾಗಿ ಹೆಚ್ಚಿಸುವ ಅಭ್ಯಾಸ ಆಸ್ಪತ್ರೆಗಳಲ್ಲೇ ಇದೆ. ಎಷ್ಟು, ಹೇಗೆ ಎಂದು ಡಾಕ್ಟರನ್ನು ಕೇಳಿಕೊಂಡು, ಒಬ್ಬರ ಮನೆಗೆ ಒಬ್ಬ ಹುಡುಗ ಹೋಗಿ ಕೂರಲಿ. ನೋವಿಗೆ ಅವರು ಬೈಯುತ್ತಾರೆ, ಬೈಸಿಕೊಳ್ಳಿ. ಖಾರವಿಲ್ಲದ ತೆಳು ಅಂಬಲಿ, ನುಣ್ಣಗೆ ಅರೆದ ಬೇಳೆ, ಹಿಸುಕಿದ ಮೊಟ್ಟೆ ಸಂಘದ ಚಂದಾದಲ್ಲೇ ಆದೀತು. ಹೊಗೆಸೊಪ್ಪು ಬಿಡಿಸಲು ಹೋಗುವಾಗ ನಮ್ಮ ಜೇಬು ಖಾಲಿಯಿರಲಿ. ಚಳವಳಿಯ ಸಭೆ ಮುಗಿದ ಮೇಲೆ ನೆಲ ಕೆಂಪಾಗಿರುವುದನ್ನು ನಾವೇ ಗುಡಿಸಿದ್ದೇವೆ.

ಮೇಷ್ಟ್ರುಗಳಿಗೆ ಒಂದು ಮಾತು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಕೂಡದೆಂದು 2003ರ ಕಾಯ್ದೆ ಇದೆ. ಮಕ್ಕಳನ್ನು ಕರೆದುಕೊಂಡು ಟೇಪು ಹಿಡಿದು ಅಳೆಯಿರಿ. ಅಂಗಡಿ ಗೌಡನದಾಗಿದ್ದರೂ ಅಳೆಯಿರಿ, ನಮ್ಮವನದೇ ಆಗಿದ್ದರೂ ಅಳೆಯಿರಿ.