ಮನೆವಾರ್ತೆ: ಬಿಸಿಲುನಾಡಿನಲ್ಲಿ ಫ್ರಿಜ್ಜಿನ ಆರೈಕೆ



ಕಳೆದ ಬೇಸಿಗೆಯಲ್ಲಿ ಕಲಬುರಗಿಯಿಂದ ಕಮಲಾಪುರದ ತವರಿಗೆ ಹೋದಾಗ ಕಂಡ ಸಂಗತಿಯಿದು. ಅವ್ವನ ಇನ್ಸುಲಿನ್ ಇಟ್ಟಿದ್ದ ಫ್ರಿಜ್ಜು ಹಗಲಿರುಳು ಸದ್ದು ಮಾಡುತ್ತಿದ್ದರೂ ಒಳಗಿನ ನೀರು ತಂಪಾಗಿರಲಿಲ್ಲ. ಹೊಸದನ್ನೇ ಕೊಳ್ಳೋಣವೆಂದು ತಮ್ಮ ಹಠ ಹಿಡಿದಿದ್ದ. ನೋಡಿದರೆ, ಅದನ್ನು ಸಂಜೆಯ ಬಿಸಿಲಿಗೆ ಕಾಯುವ ಪಡುವಣ ಗೋಡೆಗೆ ಒತ್ತಿ ನಿಲ್ಲಿಸಿ, ಮೇಲೆ ಕೌದಿಗಳನ್ನು ಪೇರಿಸಿದ್ದರು. ದೋಷ ಯಂತ್ರದ್ದಲ್ಲ, ನಮ್ಮದೇ ಆಗಿತ್ತು.

ಫ್ರಿಜ್ಜು ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಸುತ್ತಲಿನ ಗಾಳಿಯೇ ಕಾದಿರುವುದರಿಂದ ಆ ಶಾಖ ಸುಲಭವಾಗಿ ಹೊರಹೋಗದು. ಆದುದರಿಂದ ಹಿಂಬದಿಗೂ ಪಕ್ಕಗಳಿಗೂ ನಾಲ್ಕಾರು ಬೆರಳಿನಷ್ಟು ಜಾಗ ಬಿಡಬೇಕು. ಒಲೆಯ ಮಗ್ಗುಲು ಸಲ್ಲದು. ಹಿಂದೆ ಜಾಲರಿಯಿದ್ದರೆ ಪ್ಲಗ್ಗು ಕಿತ್ತು, ಅದರ ಧೂಳನ್ನು ಬ್ರಷ್ಷಿನಿಂದ ತೆಗೆಯಬೇಕು. ಬಾಗಿಲಿಗೆ ಕಾಗದದ ಚೂರೊಂದನ್ನು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ರಬ್ಬರು ಪಟ್ಟಿ ಸಡಿಲಾಗಿದೆಯೆಂದೇ ಅರ್ಥ. ಮಂಜುಗಡ್ಡೆ ಅರ್ಧ ಸೆಂಟಿಮೀಟರಿಗಿಂತ ದಪ್ಪವಾದರೆ ಕರಗಿಸಿರಿ. ಬಿಸಿ ಸಾರನ್ನು ಆರಿಸಿಯೇ ಇಡಿರಿ. ಆದರೆ 2 ತಾಸಿಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬೇಡಿರಿ.

ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಸುಮಾರು 4 ತಾಸು ತಂಪು ನಿಲ್ಲುವುದೆಂಬ ಲೆಕ್ಕವಿದೆ. ನಮ್ಮ ಬೇಸಿಗೆಯಲ್ಲಿ ಅಷ್ಟನ್ನೂ ನಂಬುವಂತಿಲ್ಲ. ಬಳಸದ ಇನ್ಸುಲಿನ್ನಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಅದನ್ನು ಮಂಜಿನ ಖಾನೆಯಲ್ಲಿ ಇಡಲೇಬಾರದು. ಒಮ್ಮೆ ಹೆಪ್ಪುಗಟ್ಟಿದ ಔಷಧಿ ಕೆಲಸಕ್ಕೆ ಬಾರದು. ಚಿಕ್ಕದೊಂದು ಥರ್ಮಾಮೀಟರನ್ನು ಒಳಗಿಟ್ಟರೆ ಊಹೆಗೆ ಎಡೆಯಿಲ್ಲ.

ಎಲ್ಲವನ್ನೂ ಫ್ರಿಜ್ಜಿಗೆ ತುಂಬಬೇಕೆಂದೂ ಇಲ್ಲ. ಕಮಲಾಪುರದ ಹೆಸರಾದ ಕೆಂಪು ಬಾಳೆಯನ್ನು ಹೊರಗೇ ಇಡಿರಿ. 13 ಡಿಗ್ರಿಗಿಂತ ಕಡಿಮೆ ಶೈತ್ಯದಲ್ಲಿ ಬಾಳೆಯ ಸಿಪ್ಪೆ ಕಪ್ಪಾಗುತ್ತದೆ. ಕುಡಿಯುವ ನೀರಿಗೆ ಮಣ್ಣಿನ ಕೊಡವೇ ಸಾಕು. ನಮ್ಮದು ಒಣ ಹವೆಯಾದ್ದರಿಂದ ಕೊಡದ ಮೈಯಿಂದ ನೀರು ಬೇಗನೆ ಆವಿಯಾಗಿ, ಕರಾವಳಿಗಿಂತ ಇಲ್ಲಿ ಹೆಚ್ಚು ತಂಪು ದೊರೆಯುತ್ತದೆ. ಬಾಟಲಿಗಾಗಿ ಪದೇ ಪದೇ ಬಾಗಿಲು ತೆರೆಯುವುದೂ ತಪ್ಪುತ್ತದೆ.

ತವರಿನಲ್ಲಿ ಫ್ರಿಜ್ಜನ್ನು ಸರಿಸಿ, ಧೂಳು ತೆಗೆದ ಮರುದಿನ ಥರ್ಮಾಮೀಟರು 5 ಡಿಗ್ರಿ ತೋರಿತು. ಹಳೆಯ ಔಷಧಿಯನ್ನು ವೈದ್ಯರ ಮಾತಿನಂತೆ ಎಸೆದು ಹೊಸದನ್ನು ತಂದೆವು. ಏರಿದ್ದ ಸಕ್ಕರೆಗೆ ಅವ್ವನ ಪಥ್ಯವೇ ಕಾರಣವೆಂದು ನಾವು ಆಕೆಯನ್ನು ಗದರಿದ್ದೆವು. ಆ ಮಾತು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ. ತಾವು ಇಂದೇ ಒಮ್ಮೆ ತಮ್ಮ ಮನೆಯ ಫ್ರಿಜ್ಜಿನ ಹಿಂಬದಿಯನ್ನು ನೋಡಿರಿ.