ಕಾಯಿಪಲ್ಯದ ಮಡಿಯ ಕಸ ಮತ್ತು ಕಳೆನಾಶಕದ ಮೋಹ



ಬಸವಣ್ಣನವರು ತಮ್ಮ ಒಂದು ವಚನದಲ್ಲಿ ತಮ್ಮೊಳಗಿನ ಅವಗುಣವನ್ನು ಬೆಳೆಯ ನಡುವೆ ಹುಟ್ಟಿಕೊಂಡ ಕಸಕ್ಕೆ ಹೋಲಿಸಿ, ಅದನ್ನು ತೆಗೆದು ತಮ್ಮನ್ನು ಕಾಪಾಡಬೇಕೆಂದು ಕೂಡಲಸಂಗಮದೇವನಲ್ಲಿ ಮೊರೆಯಿಡುತ್ತಾರೆ. ಪಟ್ಟಣದ ಓದುಗರು ‘ಕಸ’ವೆಂದರೆ ಗುಡಿಸಿ ಹೊರಹಾಕುವ ಧೂಳು, ಕಡ್ಡಿ ಎಂದು ತಿಳಿಯುವುದುಂಟು. ಬಾದನಹಟ್ಟಿ, ಕುರುಗೋಡು, ಸಿರುಗುಪ್ಪದ ಒಕ್ಕಲುಮಕ್ಕಳಿಗೆ ಈ ಗೊಂದಲವಿಲ್ಲ. ಇಲ್ಲಿ ಇಂದಿಗೂ ಕಸ ತೆಗೆಯಲು ಹೊಲಕ್ಕೆ ಹೋಗುತ್ತಾರೆ. ವಚನವನ್ನು ವ್ಯಾಖ್ಯಾನಿಸುವ ನಾವು ಅವಗುಣದ ಕಡೆಗೆ ಬೇಗನೆ ಧಾವಿಸುತ್ತೇವೆ. ಹೋಲಿಕೆಗೆ ಆಧಾರವಾದ ಹೊಲ ಹಿಂದೆಯೇ ಉಳಿಯುತ್ತದೆ. ಆ ಹೊಲದ ಬದುವಿನಲ್ಲಿಯೇ ತುಸು ನಿಂತು, ಕಾಯಿಪಲ್ಯದ ಮಡಿಗಳಲ್ಲಿ ಹುಟ್ಟುವ ಕಸವನ್ನು ಕುರಿತು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಹೇಳಬೇಕಾದುದನ್ನು ಮೊದಲೇ ಹೇಳಿಬಿಡುವುದು ಲೇಸು. ಕಾಯಿಪಲ್ಯದ ಮಡಿಗೆ ಕಳೆನಾಶಕದ ಬಾಟಲಿ ಬರಬಾರದು. ಕಸ ಎಳೆಯದಿರುವಾಗಲೇ ಅದು ಕೈಗೆ, ಕುರುಪಿಗೆ ಸಿಗಬೇಕು. ಆ ಕಾಯಕ ಮಾಡುವವರಿಗೆ ತಕ್ಕ ಕೂಲಿಯೂ ತಕ್ಕ ಸಾಧನವೂ ದೊರೆಯಬೇಕು. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಉಳಿದೆರಡು ನಿಲ್ಲಲಾರವು.

ಈ ಮಾತನ್ನು ನಮ್ಮ ಸೀಮೆಯಲ್ಲಿ ಒತ್ತಿ ಹೇಳಬೇಕಾಗಿರುವುದಕ್ಕೆ ಕಾರಣವಿದೆ. ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಮುಗಿದು, ಕಾಲುವೆಗಳು ಹರಿದ ಮೇಲೆ ಈ ಎರೆನೆಲದ ಬಾಳೇ ಬೇರೆಯಾಯಿತು. ಮಳೆಯನ್ನೇ ನಂಬಿದ ಹೊಲದಲ್ಲಿ ಕಸಕ್ಕೂ ಒಂದು ಕಾಲವಿತ್ತು. ಮಳೆ ನಿಂತರೆ ಅದೂ ಬಾಡುತ್ತಿತ್ತು. ನೀರುಂಡ ನೆಲದಲ್ಲಿ ಕಸಕ್ಕೆ ವಿರಾಮವಿಲ್ಲ. ಕಾಲುವೆಯ ನೀರು ತನ್ನೊಡನೆ ಬೀಜಗಳನ್ನೂ ತೇಲಿಸಿ ತರುತ್ತದೆ; ಚೆನ್ನಾಗಿ ಕಳಿಯದ ತಿಪ್ಪೆಗೊಬ್ಬರ ದನದ ಹೊಟ್ಟೆ ದಾಟಿ ಬಂದ ಬೀಜಗಳನ್ನು ಮಡಿಗೆ ಹಂಚುತ್ತದೆ. ಹೀಗಾಗಿ ಬದನೆ, ಟೊಮ್ಯಾಟೊ, ಬೆಂಡೆ, ಈರುಳ್ಳಿ, ಮೆಂತ್ಯೆಯ ಮಡಿಗಳಲ್ಲಿ ನಾವು ಬಿತ್ತಿದ್ದಕ್ಕಿಂತ ಬಿತ್ತದೇ ಇದ್ದುದು ಮೊದಲು ತಲೆಯೆತ್ತುತ್ತದೆ.

ಕಸದ ಬಲವಿರುವುದು ಅದರ ಅವಸರದಲ್ಲಿ. ಮೆಣಸಿನಕಾಯಿ, ಈರುಳ್ಳಿಯಂತಹ ಬೆಳೆಗಳು ನಾಟಿಯಾದ ಮೊದಲ ಆರರಿಂದ ಎಂಟು ವಾರ ನಿಧಾನವಾಗಿ ಬೆಳೆಯುತ್ತವೆ. ಅದರಲ್ಲಿಯೂ ಈರುಳ್ಳಿಯ ಎಲೆ ಸಣ್ಣದು, ನೆಟ್ಟಗಿನದು. ನೆಲಕ್ಕೆ ನೆರಳು ಕೊಡಲಾರದು. ಈ ಅವಧಿಯಲ್ಲಿ ಬೆಳಕು, ನೀರು, ಗೊಬ್ಬರಗಳನ್ನು ಕಸ ಕಸಿದುಕೊಂಡರೆ, ಅನಂತರ ಎಷ್ಟೇ ಶ್ರದ್ಧೆಯಿಂದ ಕಿತ್ತರೂ ಹೋದ ಫಸಲು ಮರಳಿ ಬಾರದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಕಸಕ್ಕೂ ಸಲ್ಲುತ್ತದೆ. ಎರಡೆಲೆಯ ಕಸಕ್ಕೆ ಕುರುಪಿಯ ಒಂದು ಗೀರು ಸಾಕು. ಹೂಬಿಟ್ಟ ಕಸಕ್ಕೆ ಇಡೀ ದಿನದ ಕೂಲಿ ಬೇಕು. ಬೀಜ ಉದುರಿಸಿದ ಕಸವಾದರೆ ಮುಂದಿನ ಹಲವು ವರ್ಷಗಳ ಕೂಲಿಯನ್ನು ನೆಲದೊಳಗೆ ಹೂತಿಟ್ಟು ಹೋಗುತ್ತದೆ.

ಇಲ್ಲಿಯೇ ಬಾಟಲಿಯ ಮೋಹ ಹುಟ್ಟುವುದು. ಭತ್ತದ ಗದ್ದೆಯಲ್ಲಿ ಕಳೆನಾಶಕ ಬಳಸಿ ರೂಢಿಯಾದವರಿಗೆ, ಅದೇ ಪಂಪನ್ನು ಮಡಿಗೂ ಏಕೆ ಒಯ್ಯಬಾರದು ಎನಿಸುವುದು ಸಹಜ. ಆದರೆ ಭತ್ತದ ನ್ಯಾಯ ಬೇರೆ, ಕಾಯಿಪಲ್ಯದ ನ್ಯಾಯ ಬೇರೆ. ಭತ್ತದಲ್ಲಿ ಬಳಸುವ 2,4-ಡಿ ಎಂಬ ಔಷಧಿ ಅಗಲ ಎಲೆಯ ಗಿಡಗಳನ್ನು ಕೊಂದು, ಹುಲ್ಲಿನ ಜಾತಿಗೆ ಸೇರಿದ ಭತ್ತವನ್ನು ಉಳಿಸುತ್ತದೆ. ನಮ್ಮ ಮಡಿಯಲ್ಲಿರುವ ಬದನೆ, ಮೆಣಸಿನಕಾಯಿ, ಟೊಮ್ಯಾಟೊ, ಬೆಂಡೆಗಳೆಲ್ಲವೂ ಅಗಲ ಎಲೆಯವೇ. ಆ ಔಷಧಿಗೆ ಅವೂ ಕಸವೇ. ಪಕ್ಕದ ಗದ್ದೆಯಿಂದ ಗಾಳಿಯಲ್ಲಿ ತೇಲಿಬಂದ ಹನಿಯಿಂದಲೂ, ಸರಿಯಾಗಿ ತೊಳೆಯದ ಪಂಪಿನಲ್ಲಿ ಉಳಿದ ಶೇಷದಿಂದಲೂ ಹತ್ತಿ, ಟೊಮ್ಯಾಟೊ, ಮೆಣಸಿನ ಎಲೆಗಳು ಮುರುಟಿ ವಿಕಾರವಾಗುತ್ತವೆ. ರೈತ ಅದನ್ನು ಮುಟುರು ರೋಗವೆಂದು ಬಗೆದು ಇನ್ನೊಂದು ಔಷಧಿ ತರುವ ಅಪಾಯವೂ ಇದೆ. ಒಂದು ತಪ್ಪು ತಿಳಿವಳಿಕೆ ಎರಡು ಖರ್ಚುಗಳಾಗಿ ಬೆಳೆಯುವ ಬಗೆ ಇದು.

ಕೆಲವು ತರಕಾರಿಗಳಿಗೆ ಶಿಫಾರಸಾದ ಕಳೆನಾಶಕಗಳಿವೆಯಲ್ಲವೇ ಎಂದು ಕೇಳಬಹುದು. ಇವೆ. ಈರುಳ್ಳಿಗೆ ಪೆಂಡಿಮೆಥಾಲಿನ್ ಅಂತಹದೊಂದು; ಕಸ ಮೊಳೆಯುವ ಮುನ್ನ ಅದನ್ನು ಸಿಂಪಡಿಸುತ್ತಾರೆ. ಎಕರೆಗಟ್ಟಲೆ ಒಂದೇ ಬೆಳೆ ಇಡುವವರ ಲೆಕ್ಕ ಅದು. ಮನೆಬಳಕೆಯ ಮಡಿಯಲ್ಲಿ ಈರುಳ್ಳಿಯ ಮಗ್ಗುಲಲ್ಲಿ ಮೆಂತ್ಯೆ, ಮೆಂತ್ಯೆಯ ಮಗ್ಗುಲಲ್ಲಿ ಪುಂಡಿ ಇರುತ್ತದೆ. ಇವೆಲ್ಲಕ್ಕೂ ಒಗ್ಗುವ ಔಷಧಿ ಯಾವುದಿದೆ? ಅಲ್ಲದೆ ಪೆಂಡಿಮೆಥಾಲಿನ್ ಜೇಕನ್ನು ಮುಟ್ಟದು. ಉಳಿದ ಕಸ ಸತ್ತು ಜಾಗ ತೆರವಾದರೆ ಜೇಕಿಗೆ ಮತ್ತಷ್ಟು ಅನುಕೂಲ. ಇನ್ನು ಗ್ಲೈಫೋಸೇಟ್ ಹಸಿರಾದುದೆಲ್ಲವನ್ನೂ ಸುಡುವಂಥದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವುಳ್ಳ ವಸ್ತುಗಳ ಸಾಲಿಗೆ ಸೇರಿಸಿತು. ಬೇರೆ ಕೆಲವು ಸರಕಾರಿ ನಿಯಂತ್ರಣ ಸಂಸ್ಥೆಗಳು ಈ ತೀರ್ಮಾನವನ್ನು ಒಪ್ಪಿಲ್ಲವೆಂಬುದೂ ನಿಜ. ನಮ್ಮ ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಅದರ ಬಳಕೆಯನ್ನು ಪರವಾನಗಿಯುಳ್ಳ ಕೀಟನಿಯಂತ್ರಕರಿಗೆ ಮಾತ್ರ ಸೀಮಿತಗೊಳಿಸುವ ಅಧಿಸೂಚನೆ ಹೊರಡಿಸಿತು. ವಾದ ಏನೇ ಇರಲಿ, ನಾಳೆ ಕೊಯ್ದು ಒಲೆಯ ಮೇಲಿಡುವ ಸೊಪ್ಪಿನ ಪಕ್ಕದಲ್ಲಿ ಅದಕ್ಕೆ ಸ್ಥಾನವಿಲ್ಲ.

ಇದಕ್ಕೆ ಎದುರಾಗಿ ಒಂದು ಗಟ್ಟಿಯಾದ ಮಾತಿದೆ. ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ ಎಂಬುದು. ಇದನ್ನು ಸೋಮಾರಿಗಳ ಮಾತೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಕಸ ತೆಗೆಯುವ ಕೆಲಸವನ್ನು ಬಹುಪಾಲು ಯಾರು ಮಾಡುತ್ತಾರೆಂಬುದನ್ನು ನೋಡಬೇಕು. ಉರಿಬಿಸಿಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಸಾಲುಹಿಡಿದು ಮುಂದೆ ಸರಿಯುವವರು ತಾಯಂದಿರು, ಅಕ್ಕಂದಿರು. ಸೊಂಟ, ಮೊಣಕಾಲುಗಳನ್ನು ಸವೆಸುವ ಈ ದುಡಿಮೆಯನ್ನು ಕಾಯಕವೆಂದು ಬಾಯಲ್ಲಿ ಹೊಗಳಿ, ಕೂಲಿಯಲ್ಲಿ ಮಾತ್ರ ಗಂಡಾಳಿಗಿಂತ ಕಡಿಮೆ ಎಣಿಸುವುದು ಕಾಯಕತತ್ತ್ವಕ್ಕೆ ಒಪ್ಪುವ ನಡೆಯಲ್ಲ. ಬಾಟಲಿ ಅಗ್ಗವೆಂದು ತೋರುವುದಕ್ಕೆ ಒಂದು ಕಾರಣ, ಅದು ಈ ತಾಯಂದಿರ ಕೈಯಿಂದ ಕೆಲಸವನ್ನು ಕಸಿದುಕೊಂಡದ್ದು ನಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದಿರುವುದಿಲ್ಲ. ಅವರಿಗೆ ಸಮನಾದ ಕೂಲಿ ಕೊಡೋಣ. ನಿಂತೇ ಕೆಲಸಮಾಡುವಂತೆ ಉದ್ದ ಹಿಡಿಯ ಕುರುಪಿ, ಸಾಲುಗಳ ನಡುವೆ ತಳ್ಳುವ ಸೈಕಲ್ ಎಡೆಕುಂಟೆ ಕೊಡೋಣ. ಎಡೆಕುಂಟೆ ಆಡುವಷ್ಟು ಅಂತರ ಬಿಟ್ಟು ಸಾಲಿನಲ್ಲಿ ನಾಟಿಮಾಡಿದರೆ ಅರ್ಧ ಶ್ರಮ ಅಲ್ಲಿಯೇ ಇಳಿಯುತ್ತದೆ.

ಉಳಿದರ್ಧ ಶ್ರಮವನ್ನು ಮುಂಜಾಗ್ರತೆಯಿಂದ ಇಳಿಸಬಹುದು. ಮಡಿ ಹದಮಾಡಿದ ಕೂಡಲೇ ಬಿತ್ತದೆ, ಒಮ್ಮೆ ನೀರು ಕೊಟ್ಟು ಹತ್ತು–ಹದಿನಾಲ್ಕು ದಿನ ಕಾಯಬೇಕು. ಮೇಲ್ಮಣ್ಣಿನ ಕಸವೆಲ್ಲ ಮೊಳೆತು ತಾನಾಗಿ ಮುಖ ತೋರಿಸುತ್ತದೆ. ಆಗ ಆಳಕ್ಕೆ ಅಗೆಯದೆ ಮೇಲುಮೇಲಕ್ಕೆ ಕೆರೆದು, ಅನಂತರ ಬಿತ್ತಬೇಕು. ಆಳಕ್ಕೆ ಅಗೆದರೆ ಕೆಳಗೆ ಮಲಗಿದ್ದ ಬೀಜ ಮೇಲೆದ್ದು ಬರುತ್ತದೆ. ಸಸಿ ನೆಟ್ಟ ಮೇಲೆ ಬುಡದ ಸುತ್ತ ನೆಲ್ಲುಹುಲ್ಲನ್ನೋ ಒಣ ಎಲೆಯನ್ನೋ ಹಾಸಿದರೆ, ಬೆಳಕು ಕಾಣದ ಸಣ್ಣ ಬೀಜಗಳು ಬಹಳಷ್ಟು ಮೊಳೆಯವು, ತೇವವೂ ಉಳಿಯುತ್ತದೆ. ನಮ್ಮ ಏಪ್ರಿಲ್–ಮೇ ತಿಂಗಳ ಬಿಸಿಲನ್ನು ಶಪಿಸುವ ಬದಲು ಕೆಲಸಕ್ಕೆ ಹಚ್ಚಬಹುದು. ತೋಯಿಸಿದ ಮಡಿಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚುಗಳನ್ನು ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಟ್ಟರೆ, ಮೇಲ್ಮಣ್ಣಿನಲ್ಲಿರುವ ಅನೇಕ ಬೀಜಗಳು ಬೆಂದು ಹೋಗುತ್ತವೆ.

ಈ ಉಪಾಯಗಳಿಗೆ ಪೂರ್ತಿ ಮಣಿಯದವು ಜೇಕು ಮತ್ತು ಗರಿಕೆ. ಜೇಕಿನ ಬಲವೆಲ್ಲ ಸರದಂತೆ ಕೂಡಿಕೊಂಡಿರುವ ನೆಲದೊಳಗಿನ ಗಡ್ಡೆಗಳಲ್ಲಿದೆ. ಎಲೆ ಕಿತ್ತರೆ ಗಡ್ಡೆ ಮತ್ತೆ ಚಿಗುರುತ್ತದೆ. ಬೇಸಿಗೆಯಲ್ಲಿ ಅಗೆದು ಗಡ್ಡೆಗಳನ್ನು ಆಯ್ದು ಬಿಸಿಲಿಗೆ ಒಣಗಿಸುವುದು, ಚಿಗುರಿದಾಗಲೆಲ್ಲ ಎರಡು–ಮೂರು ವಾರಕ್ಕೊಮ್ಮೆ ಬಿಡದೆ ತೆಗೆದು ಗಡ್ಡೆಯ ಕಸುವನ್ನು ಕುಂದಿಸುವುದು, ಇವೇ ದಾರಿ. ಕಾಂಗ್ರೆಸ್ ಕಸವೆಂದು ನಾವು ಕರೆಯುವ ಪಾರ್ಥೇನಿಯಂ ಹೊರನಾಡಿನಿಂದ ಬಂದು 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ನಾಡೆಲ್ಲ ಹಬ್ಬಿತು. ಅದನ್ನು ತಿನ್ನುವ ಮೆಕ್ಸಿಕೊ ಮೂಲದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುವುದರಿಂದ, ಹೂಬಿಡುವ ಮುನ್ನವೇ ಅದನ್ನು ಬೇರುಸಹಿತ ಕೀಳಬೇಕು. ಚರ್ಮಕ್ಕೆ ತುರಿಕೆ, ಉಸಿರಿಗೆ ತೊಂದರೆ ತರುವುದಾದ್ದರಿಂದ ಕೈಗವಸು ಹಾಕಿಕೊಳ್ಳುವುದು ಅವಶ್ಯ.

ಕೈಯಿಂದ ಕೀಳುವುದರಲ್ಲಿ ಇನ್ನೊಂದು ಹಿರಿಮೆಯಿದೆ. ಕೈ ಆಯ್ಕೆ ಮಾಡುತ್ತದೆ; ಔಷಧಿಗೆ ಆ ವಿವೇಕವಿಲ್ಲ. ಮಡಿಯಲ್ಲಿ ತಾನಾಗಿ ಹುಟ್ಟುವ ಗೋಣಿಸೊಪ್ಪು, ಹಕ್ಕರಿಕೆ, ಕಾಡುರಾಜಗಿರಿಗಳನ್ನು ಬಲ್ಲ ತಾಯಂದಿರು ಉಡಿಗೆ ಹಾಕಿಕೊಂಡು ಹೋಗಿ ಸಂಜೆಯ ಪಲ್ಯ ಮಾಡುತ್ತಾರೆ. ಬೆಳೆಗೆ ಕಸವಾದ ತುಂಬೆಯ ಬಿಳಿಯ ಹೂವು ಶಿವಪೂಜೆಗೆ ಶ್ರೇಷ್ಠವೆಂದು ಹಿರಿಯರು ಎತ್ತಿಟ್ಟುಕೊಂಡರು. ಹಿತ್ತಲ ಗಿಡ ಮದ್ದಲ್ಲವೆಂಬ ಉದಾಸೀನದಿಂದ ಎಲ್ಲವನ್ನೂ ಒಂದೇ ಹನಿಯಲ್ಲಿ ಸುಟ್ಟರೆ, ಬಡವರ ತಟ್ಟೆಯ ಸೊಪ್ಪೂ ಪೂಜೆಯ ಹೂವೂ ಒಟ್ಟಿಗೆ ಹೋಗುತ್ತವೆ. ಸಸಿ ಬೆಳೆಯುವ ಸಾಲಿನಲ್ಲಿ ಕಸವಿರಬಾರದು. ಬದುವಿನ ಮೂಲೆಯಲ್ಲಿ ತುಂಬೆಯೊಂದು ಅರಳಿ ಜೇನ್ನೊಣ ಬಂದರೆ ಮಡಿಗೆ ಕೇಡಿಲ್ಲ.

ಬಸವಣ್ಣನವರ ಆ ವಚನ ಕಸವನ್ನು ತೆಗೆಯುವುದರಲ್ಲಿಯೇ ಮುಗಿಯುವುದಿಲ್ಲ; ಬೆಳೆಯುವ ಮಾತಿನಲ್ಲಿ ಮುಗಿಯುತ್ತದೆ. ಕೀಳುವುದು ಬೆಳೆಯ ಸಲುವಾಗಿ. ನೆಲವನ್ನೇ ಬರಿದುಮಾಡುವ ಔಷಧಿಗೆ ಈ ಅರ್ಥ ತಿಳಿಯದು, ವಾರಕ್ಕೊಮ್ಮೆ ಮಡಿಯಲ್ಲಿ ಬಾಗಿ ನೋಡುವ ಕಣ್ಣಿಗೆ ತಿಳಿಯುತ್ತದೆ. ದಾಸೋಹಕ್ಕೆಂದು ಕಾಯಿಪಲ್ಯ ತರುವ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ: ಬುಟ್ಟಿ ಚಿಕ್ಕದಾದರೂ ಚಿಂತೆಯಿಲ್ಲ, ಅದು ಕೈಯಿಂದ ಕಸ ತೆಗೆದ ಮಡಿಯದಾಗಿರಲಿ, ಕಸ ತೆಗೆದ ಕೈಗೆ ಪೂರ್ತಿ ಕೂಲಿ ಸಂದದ್ದಾಗಿರಲಿ.